ವಿಷದ ಡಬ್ಬಿಯೂ ಅಕ್ಷರಜ್ಞಾನವೂ

ಬೇವೂರಿನಂತಹ ಗ್ರಾಮಗಳಲ್ಲಿ ತೊಗರಿ, ಕಡಲೆಗಳಿಗೆ ಕೀಟನಾಶಕವನ್ನು ಕೊಳ್ಳುವವನು ಭೂಮಾಲಿಕನು. ಸಿಂಪಡಿಸುವವನು ಅನೇಕ ವೇಳೆ ಅಕ್ಷರವರಿಯದ ಆಳು. ಓದಬಲ್ಲವನು ವಿಷವನ್ನು ಮುಟ್ಟುವುದಿಲ್ಲ, ಮುಟ್ಟುವವನು ಓದಲಾರನು. ಅಪಾಯವಿರುವುದು ಇಲ್ಲಿಯೇ.

1971ರ ಕೀಟನಾಶಕ ನಿಯಮಗಳು ಡಬ್ಬಿಯ ಮೇಲೆ ಬಣ್ಣದ ತ್ರಿಕೋನವನ್ನು ವಿಧಿಸಿದವು: ಕೆಂಪು ಅತ್ಯುಗ್ರ ವಿಷ, ಹಳದಿ ಉಗ್ರ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರೆಂದರೆ ನಿರಪಾಯವೆಂದು ಭ್ರಮಿಸಲಾಗದು, ಅದೂ ವಿಷವೇ. ಬಣ್ಣಗಳನ್ನು ಒಂದೇ ದಿನದಲ್ಲಿ ಕಲಿಸಬಹುದು. ಆದರೆ ಬೆರೆಸುವ ಅಳತೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ತಿಳಿಯಲು ಅಕ್ಷರವೇ ಬೇಕು.

ಆದಕಾರಣ ಊರ ಹಿರಿಯರೂ ಭೂಮಾಲಿಕರೂ ಸಿಂಪರಣೆಗೆ ಮುನ್ನ ಆಳುಗಳನ್ನು ಕೂಡಿಸಿ, ಮೊಹರು ಒಡೆಯದ ಡಬ್ಬಿಯನ್ನೇ ಪಾಠಪುಸ್ತಕವನ್ನಾಗಿ ಮಾಡಿ ಓದಿಸತಕ್ಕದ್ದು. ಓದದೆ ಬೆರೆಸಿದ ವಿಷವು ಹುಳುವನ್ನೂ ಆಳನ್ನೂ ಬೇರೆಯೆಂದು ಎಣಿಸದು.