ಚೀಟಿ ಅವರವರ ಕೈಗೆ ಕೊಡಿ ಸ್ವಾಮಿ

ಆನ್‌ಲೈನ್ ಆಟಗಳಲ್ಲಿ ಡ್ಯಾಮೇಜ್ ಮೀಟರ್ ಇರಬೇಕೋ ಬೇಡವೋ ಅನ್ನೋ ಹಳೇ ಜಗಳ ಮತ್ತೆ ಬಿಸಿಯಾಗಿದೆ. ಗೆಳೆಯರೆಲ್ಲ ಎರಡು ಪಾರ್ಟಿ ಆಗಿ ಕೂತಿದ್ದಾರೆ. ನನಗೆ ಎರಡೂ ಪಾರ್ಟಿ ಮೇಲೆ ಸಿಟ್ಟಿದೆ, ಅದಕ್ಕೇ ಕುಟ್ತಾ ಇದೀನಿ.

ಆಟ ಆಡದವರಿಗೆ ಎರಡು ಮಾತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಥರದ ಆಟದಲ್ಲಿ ಹತ್ತಿಪ್ಪತ್ತು ಜನ ಸೇರಿ ಒಬ್ಬ ದೈತ್ಯನನ್ನ ಕೆಡವಬೇಕು. ಇದಕ್ಕೆ ರೈಡ್ ಅಂತಾರೆ. ಒಂದಿಬ್ಬರು ಏಟು ತಿನ್ನೋರು, ನಾಲ್ಕೈದು ಜನ ಗಾಯ ವಾಸಿ ಮಾಡೋರು, ಮಿಕ್ಕವರು ಹೊಡೆಯೋರು. ಮೀಟರ್ ಅಂದ್ರೆ ಪರದೆಯ ಮೂಲೆಯಲ್ಲಿ ಕೂತು ಯಾರು ಸೆಕೆಂಡಿಗೆ ಎಷ್ಟು ಹೊಡೆದರು ಅಂತ ಹೆಸರು ಸಮೇತ ಬಣ್ಣದ ಗೆರೆಗಳಲ್ಲಿ ತೋರಿಸೋ ಪಟ್ಟಿ. ಮೇಲಿರೋನು ಹೀರೋ, ಕೆಳಗಿರೋನು... ಬಿಡಿ.

2004ರಲ್ಲಿ ಆಟ ಬಂದಾಗ ಕಂಪನಿ ಇದನ್ನ ಕೊಟ್ಟಿರಲಿಲ್ಲ. ಆಟಗಾರರೇ ರಿಕೌಂಟ್, ಸ್ಕಾಡಾ, ಡೀಟೇಲ್ಸ್ ಅಂತ ಆಡ್‌ಆನ್ ಬರೆದುಕೊಂಡರು. 2025ರಲ್ಲಿ ಬ್ಲಿಝಾರ್ಡ್ ಕಂಪನಿ, ಮೀಟರನ್ನ ಆಟದೊಳಗೆ ನಾವೇ ಕೊಡ್ತೀವಿ, ಯುದ್ಧದ ನಡುವೆ ಆಡ್‌ಆನ್‌ಗಳು ಏನೇನು ಓದಬಹುದು ಅನ್ನೋದನ್ನ ಬಿಗಿ ಮಾಡ್ತೀವಿ ಅಂತ ಪ್ರಕಟಿಸಿತು. ಜಗಳಕ್ಕೆ ತುಪ್ಪ ಬಿದ್ದಿದ್ದು ಆಗಲೇ. ನನ್ನ ಮಾತು ಇಷ್ಟೇ: ಮೀಟರ್ ಬೇಕು. ಆದರೆ ಹೆಸರು ಬರೆದ ಪಟ್ಟಿ ಇಡೀ ಗುಂಪಿಗೆ ಬೇಡ.

ನಮ್ಮೂರು ಮಾಕಳಿದುರ್ಗ. ಅಲ್ಲಿ ನನ್ನ ಗೆಳೆಯನೊಬ್ಬ ಇದಾನೆ. ನಾನು ಬೆಂಗಳೂರಿಗೆ ಬಂದು ಕೋಡ್ ಬರೆಯೋನಾದೆ, ಅವನು ಊರಲ್ಲೇ ಉಳಿದು ದ್ರಾಕ್ಷಿ ತೋಟ ನೋಡಿಕೊಳ್ತಾನೆ. ರಾತ್ರಿ ಇಬ್ಬರೂ ಒಂದೇ ಗುಂಪಲ್ಲಿ ಆಡ್ತಿದ್ವಿ, ಯುರೋಪಿನ ಸರ್ವರಲ್ಲಿ. ಅವನ ಮನೆ ಬೆಟ್ಟದ ಮಗ್ಗುಲಲ್ಲಿ. ಮೊಬೈಲ್ ಹಾಟ್‌ಸ್ಪಾಟೇ ಗತಿ. ಸಿಗ್ನಲ್ ಒಂದು ಕಡ್ಡಿಯಿಂದ ಮೂರು ಕಡ್ಡಿಗೆ ಕುಣೀತಾ ಇರುತ್ತೆ. ಅವನು ಒತ್ತಿದ ಬಟನ್ ಯುರೋಪು ಮುಟ್ಟೋ ಹೊತ್ತಿಗೆ ಅಲ್ಲಿಯವನು ಎರಡೇಟು ಹಾಕಿ ಮುಗಿಸಿರ್ತಾನೆ. ಅದಕ್ಕೇ ಅವನು ಯಾರಿಗೂ ಬೇಡದ ಕೆಲಸ ತಗೊಂಡಿದ್ದ. ದೈತ್ಯ ಮಂತ್ರ ಹಾಕೋ ಮುಂಚೆ ಗಮನಿಸಿ ತಡೆಯೋದು, ಗುಂಪಿನ ಮೇಲೆ ಬೀಳೋ ಬಾಂಬನ್ನ ಮೂಲೆಗೆ ಹೊತ್ತುಕೊಂಡು ಓಡೋದು. ಓಡೋವಾಗ ಹೊಡೆಯೋಕಾಗಲ್ಲ. ಗೆರೆ ಗಿಡ್ಡ.

ಐದನೇ ವಾರ ಗುಂಪಿನ ನಾಯಕ ಪಟ್ಟಿಯ ಚಿತ್ರ ಎಲ್ಲರ ಮುಂದೆ ಹಾಕಿ, ಕೆಳಗಿನ ಹೆಸರಿಗೆ ಕೆಂಪು ಸುತ್ತು ಎಳೆದ. ಕೆಳಗೆ ನಗುವ ಮುಖಗಳ ಸಾಲು. ನನ್ನ ಗೆಳೆಯ ಒಂದೂ ಮಾತಾಡದೆ ಹೊರಗೆ ಹೋದ. ಅವನ ಜಾಗಕ್ಕೆ ಬಂದವನ ಗೆರೆ ಉದ್ದವಾಗೇ ಇತ್ತು. ಬಾಂಬು ಮಾತ್ರ ಗುಂಪಿನ ಮಧ್ಯದಲ್ಲೇ ಸಿಡೀತಾ ಇತ್ತು :-) ತಡೆದ ಮಂತ್ರಗಳ ಲೆಕ್ಕಕ್ಕೂ ಮೀಟರಲ್ಲಿ ಬೇರೆ ಪುಟ ಇದೆ ಅಂತ ನೀವು ಹೇಳ್ತೀರಿ. ಇದೆ. ಅದನ್ನ ತೆಗೆದು ನೋಡೋರು ಯಾರು?

"ಸಂಖ್ಯೆ ಸುಳ್ಳು ಹೇಳಲ್ಲ" ಅಂತಾರೆ ಮೊದಲನೇ ಪಾರ್ಟಿಯವರು. 1999ರ ಫೆಬ್ರವರಿ 7ರ ಸ್ಕೋರ್ ಕಾರ್ಡ್ ತೆಗೀರಿ. ದೆಹಲಿಯ ಕೋಟ್ಲಾ, ಪಾಕಿಸ್ತಾನದ ಎರಡನೇ ಇನ್ನಿಂಗ್ಸ್. (ಆಗ ನಾನು ತೊಟ್ಟಿಲಲ್ಲಿದ್ದೆ, ಆಮೇಲೆ ಯೂಟ್ಯೂಬಲ್ಲಿ ನೋಡಿದ್ದು.) ಅನಿಲ್ ಕುಂಬ್ಳೆ 74 ರನ್ನಿಗೆ 10 ವಿಕೆಟ್. ಜಾವಗಲ್ ಶ್ರೀನಾಥ್ ಸೊನ್ನೆ. ಒಂಬತ್ತು ವಿಕೆಟ್ ಬಿದ್ದ ಮೇಲೆ ಹತ್ತನೇದು ತನಗೆ ಬೀಳದೇ ಇರಲಿ ಅಂತ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ಬೌಲ್ ಮಾಡಿದ್ದು ಕನ್ನಡಿಗರಿಗೆಲ್ಲ ಬಾಯಿಪಾಠ. ಮೀಟರನ್ನೇ ನಂಬಿಕೊಂಡ ರೈಡ್ ಲೀಡರ್ ಆ ಹೊತ್ತಿಗೆ ಏನು ಮಾಡ್ತಿದ್ದ ಹೇಳಿ? ಶ್ರೀನಾಥ್ ಹೆಸರಿಗೆ ಕೆಂಪು ಸುತ್ತು! ಅಷ್ಟು ದೂರ ಯಾಕೆ, ಶನಿವಾರ ಭಾನುವಾರ ನಮ್ಮೂರ ಬೆಟ್ಟ ಹತ್ತೋಕೆ ಬೆಂಗಳೂರಿಂದ ಬರೋ ಟ್ರೆಕ್ಕಿಂಗ್ ಗುಂಪು ನೋಡಿ. ಎಲ್ಲರಿಗಿಂತ ಕೊನೆಗೆ ನಡೆಯೋನು ಒಬ್ಬ ಇರ್ತಾನೆ, ಸುಸ್ತಾದವರನ್ನ ಕರ್ಕೊಂಡು ಬರೋದೇ ಅವನ ಕೆಲಸ. ಗಡಿಯಾರ ನೋಡಿದ್ರೆ ಆ ಗುಂಪಲ್ಲಿ ಅವನೇ ಅತಿ ನಿಧಾನ.

ಹಾಗಂತ ಎರಡನೇ ಪಾರ್ಟಿಯವರು ಚಪ್ಪಾಳೆ ತಟ್ಟಬೇಡಿ. "ಆಟ ಇರೋದು ಖುಷಿಗೆ, ಅಳತೆ ಯಾಕೆ?" ಅನ್ನೋರು ಫೈನಲ್ ಫ್ಯಾಂಟಸಿ 14 ಕಡೆ ಒಮ್ಮೆ ಇಣುಕಿ ನೋಡಲಿ. ಅಲ್ಲಿ ಕಂಪನಿ ಮೀಟರ್ ಕೊಡಲ್ಲ, ಹೊರಗಿನ ಉಪಕರಣಗಳೆಲ್ಲ ನಿಯಮಬಾಹಿರ. ಏನಾಯ್ತು? ಕಂಪ್ಯೂಟರ್ ಇರೋರು ಗುಟ್ಟಾಗಿ ಮೀಟರ್ ಓಡಿಸ್ತಾರೆ, ಲಾಗ್‌ಗಳು ಎಫ್‌ಎಫ್‌ಲಾಗ್ಸ್ ತಾಣಕ್ಕೆ ಹೋಗಿ ಕೂರ್ತವೆ. ಪ್ಲೇಸ್ಟೇಷನ್‌ನಲ್ಲಿ ಆಡೋನಿಗೆ ತನ್ನ ಸಂಖ್ಯೆ ತನಗೇ ಕಾಣಲ್ಲ, ಪಕ್ಕದವನಿಗೆ ಕಾಣುತ್ತೆ. ನಿಷೇಧದಿಂದ ಅಳತೆ ನಿಲ್ಲಲಿಲ್ಲ, ಅಳತೆಗೆ ಒಳಗಾದವನ ಕಣ್ಣು ಕಟ್ಟಿದ ಹಾಗಾಯ್ತು ಅಷ್ಟೇ. ಇನ್ನು ನಿಜವಾಗಿಯೂ ಮೀಟರೇ ಇಲ್ಲದ ಗುಂಪಲ್ಲಿ ಸೋತಾಗ ತಪ್ಪು ಯಾರ ತಲೆಗೆ? ಹೊಸಬನ ತಲೆಗೆ. ಮೈಕಲ್ಲಿ ಹೆಣ್ಣು ದನಿ ಕೇಳಿಸಿದರೆ ಅವಳ ತಲೆಗೆ. ಅಳತೆ ಇಲ್ಲದ ಕಡೆ ಬಾಯಿ ಜೋರಿದ್ದವನದ್ದೇ ಅಳತೆ. ಕಲಿಯೋನಿಗೂ ತನ್ನ ಅಂಕಿ ಬೇಕು, ನಿನ್ನೆಗಿಂತ ಇವತ್ತು ಮೇಲಾ ಅಂತ ಅವನಿಗೆ ಇನ್ಹೇಗೆ ಗೊತ್ತಾಗಬೇಕು?

ಎರಡು ಪಾರ್ಟಿಗೂ ಒಂದು ಜಾಗ ತೋರಿಸ್ತೀನಿ ಬನ್ನಿ, ನಮ್ಮೂರ ಹಾಲಿನ ಡೈರಿ. ಅಮ್ಮ ಬೆಳಗ್ಗೆ ಸಂಜೆ ಹಾಲು ಹಾಕ್ತಾಳೆ. ಯಂತ್ರ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಎಲ್ಲ ಅಳೆದು ಚೀಟಿ ಮುದ್ರಿಸುತ್ತೆ. ಚೀಟಿ ಅಮ್ಮನ ಕೈಗೆ. ಎಲ್ಲರ ಹಾಲೂ ಒಟ್ಟಿಗೆ ಸೇರಿ ಬಮೂಲ್‌ಗೆ ಹೋಗುತ್ತೆ, ಅಲ್ಲಿ ಸಂಘದ ಹಾಲಿಗೆ ಮತ್ತೆ ಬೇರೆ ಪರೀಕ್ಷೆ. ಅಂದ್ರೆ ಒಬ್ಬೊಬ್ಬರ ಲೆಕ್ಕವೂ ಇದೆ, ಗುಂಪಿನ ಲೆಕ್ಕವೂ ಇದೆ. ಫ್ಯಾಟು ಕಮ್ಮಿ ಬಂದ ದಿನ ಅಮ್ಮ ಚೀಟಿ ನೋಡಿ ಹಿಂಡಿ ಬದಲಾಯಿಸ್ತಾಳೆ. ಆದರೆ ಇವತ್ತು ಊರಲ್ಲಿ ಎಲ್ಲರಿಗಿಂತ ತೆಳ್ಳಗಿನ ಹಾಲು ಯಾರ ಮನೇದು ಅಂತ ಮೈಕಲ್ಲಿ ಕೂಗಲ್ಲ. (ಊರಿಗೆ ಹೇಗೂ ಗೊತ್ತಿರುತ್ತೆ, ಅದು ಬೇರೆ ಮಾತು.) ಕೂಗಿದ್ದಿದ್ರೆ ಫ್ಯಾಟೇನೂ ಏರ್ತಿರಲಿಲ್ಲ. ಒಂದೇ ಹಸು ಕಟ್ಟಿಕೊಂಡ ಮುದುಕಿ ಹಾಲು ಹಾಕೋದು ಬಿಡ್ತಿದ್ಲು.

ಆಟದಲ್ಲೂ ಇದನ್ನೇ ಮಾಡಬಹುದು, ಮಾಡಿಯೂ ಇದ್ದರು. 2016ರಲ್ಲಿ ಓವರ್‌ವಾಚ್ ಬಂದಾಗ ನಿಮ್ಮ ಅಂಕಿ, ನಿಮಗೆ ಬಂದ ಚಿನ್ನ ಬೆಳ್ಳಿ ಕಂಚಿನ ಪದಕ ನಿಮಗೆ ಮಾತ್ರ ಕಾಣ್ತಿತ್ತು. 2022ರಲ್ಲಿ ಓವರ್‌ವಾಚ್ 2 ಬಂದು ಪದಕ ಕಿತ್ತು ಎಲ್ಲರ ಅಂಕಿ ಎಲ್ಲರಿಗೂ ತೋರಿಸೋ ಫಲಕ ಹಾಕಿತು. ಪದಕಗಳಲ್ಲಿ ಹುಳುಕಿತ್ತು, ಒಪ್ಪಿಕೊಳ್ಳೋಣ. ಎಲ್ಲರೂ ಕೆಟ್ಟದಾಗಿ ಆಡಿದ ದಿನವೂ ಯಾರಿಗೋ ಚಿನ್ನ ಸಿಕ್ಕಿ ಅವನು ಮೆರೀತಿದ್ದ. ಅದಕ್ಕೆ ಮದ್ದು ಸರಿಯಾದ ಚೀಟಿ ಕೊಡೋದು, ಊರ ಬಾಗಿಲಿಗೆ ಅಂಟಿಸೋದಲ್ಲ.

ಸರಿಯಾದ ಚೀಟಿ ಅಂದ್ರೆ: ನನ್ನ ಏಟು, ನಾನು ತಡೆದ ಮಂತ್ರ, ನಾನು ಹೊತ್ತ ಬಾಂಬು ಎಲ್ಲ ಒಂದೇ ಪುಟದಲ್ಲಿ ಇರಬೇಕು, ಪಕ್ಕದಲ್ಲೇ ಆ ಹೊತ್ತಿನ ಪಿಂಗ್ ಕೂಡ. ಗುಂಪಿಗೆ ಒಟ್ಟು ಮೊತ್ತ, ಯಾವ ನಿಮಿಷಕ್ಕೆ ಏನು ಕೆಟ್ಟಿತು ಅನ್ನೋದು ಸಾಕು. ಬೇಕಾದ್ರೆ ನನ್ನ ಚೀಟಿ ನಾನೇ ಒಂದು ಬಟನ್ ಒತ್ತಿ ತೋರಿಸ್ತೀನಿ. ಇದನ್ನ ಸರ್ವರಲ್ಲೇ ಮಾಡಬೇಕು, ಪರದೆ ಮೇಲೆ ಮರೆಮಾಚಿದರೆ ಸಾಲದು. ಬೇರೆಯವರ ಅಂಕಿ ನನ್ನ ಕಂಪ್ಯೂಟರಿಗೆ ಬಂದು ಬಿತ್ತು ಅಂದ್ರೆ ಅದನ್ನ ಬಗೆದು ತೆಗೆಯೋ ಆಡ್‌ಆನ್ ವಾರದೊಳಗೆ ಹುಟ್ಟುತ್ತೆ, ನಮ್ಮ ಜಾತಿಯವರನ್ನ ನಾನು ಬಲ್ಲೆ. ಇಷ್ಟು ವರ್ಷ ಕಂಪನಿ "ನಮ್ಮ ಕೈಲಿಲ್ಲಪ್ಪ" ಅನ್ನಬಹುದಿತ್ತು. ಈಗ ಬೀಗದ ಕೈ ತಾನೇ ತಗೊಂಡ ಮೇಲೂ ಬ್ಲಿಝಾರ್ಡ್ ಕೊಟ್ಟಿದ್ದು ಅದೇ ಹಳೇ ಇಡೀ ಗುಂಪಿನ ಪಟ್ಟಿ. ನನ್ನ ಸಿಟ್ಟು ಇರೋದು ಇಲ್ಲಿ.

"ನಾಯಕ ಚೀಟಿ ತೋರಿಸು ಅಂತ ಪೀಡಿಸ್ತಾನಲ್ಲ, ಆಗ?" ಅಂತ ಆಫೀಸಿನ ಗೆಳೆಯ ಕೇಳಿದ. ಪೀಡಿಸ್ತಾನೆ, ಹೌದು. ಆದರೆ ಕೇಳಬೇಕಾಗುತ್ತಲ್ಲ, ಕಾರಣ ಹೇಳಬೇಕಾಗುತ್ತಲ್ಲ. ಡಿಫಾಲ್ಟ್ ಸೆಟ್ಟಿಂಗನ್ನ ಬಹುತೇಕ ಜನ ಮುಟ್ಟೋದೇ ಇಲ್ಲ ಅಂತ ಸಾಫ್ಟ್‌ವೇರಿನವರಿಗೆ ನಾನು ಹೇಳಬೇಕಾ? ನೌಕರರನ್ನ ಸಾಲಾಗಿ ನಿಲ್ಲಿಸಿ ಮೇಲು ಕೆಳಗು ಮಾಡೋ ಪದ್ಧತಿಯನ್ನ ಮೈಕ್ರೋಸಾಫ್ಟ್ ಕೂಡ 2013ರಲ್ಲಿ ಕೈಬಿಟ್ಟಿತು. ಸಂಬಳ ಕೊಡೋ ಕಡೆಯೇ ಬೇಡವಾದದ್ದು, ನಾವು ದುಡ್ಡು ಕೊಟ್ಟು ಆಡೋ ಕಡೆ ಯಾಕಪ್ಪ?

ಗೆಳೆಯ ಈಗ ಆನ್‌ಲೈನ್ ಚೆಸ್ ಆಡ್ತಾನೆ. ಕರೆದರೂ ರೈಡಿಗೆ ಬರಲ್ಲ. ನಿಮ್ಮಲ್ಲಿ ರೈಡ್ ಲೀಡರುಗಳು ಯಾರಾದ್ರೂ ಇದ್ರೆ ಒಂದು ಕೆಲಸ ಮಾಡಿ. ಒಂದೇ ಒಂದು ವಾರ ಪಟ್ಟಿಯ ಚಿತ್ರ ಎಲ್ಲರ ಮುಂದೆ ಹಾಕದೆ, ಆಡಿದವರಿಗೆ ಅವರವರ ಅಂಕಿ ಮಾತ್ರ ಕಳಿಸಿ ನೋಡಿ. ದೈತ್ಯ ಬಿದ್ದನೋ ಇಲ್ಲವೋ, ಬಂದು ಹೇಳಿ.