ಗಾಳಿಯ ಮನೆಗೆ ವಿನಾಯಿತಿ

ನಂಜನಗೂಡಿನ ಹಳೆಯ ಕೇರಿಗಳಲ್ಲಿಯೂ ತಿರುಮಕೂಡಲು ನರಸೀಪುರದಲ್ಲಿಯೂ ತೊಟ್ಟಿಯ ಮನೆಯನ್ನು ಕೆಡವಿ ತಾರಸಿಯ ಮನೆಯನ್ನು ಕಟ್ಟಿಸುವ ಗೃಹಸ್ಥರು, ಕಟ್ಟಡಗಳ ವಿದ್ಯುತ್ ಮಿತವ್ಯಯದ ಕಾನೂನು ತಮಗೂ ಅನ್ವಯಿಸುವುದೇ ಎಂದು ನಮ್ಮನ್ನು ಕೇಳುವುದುಂಟು. 2017ರ ಸಂಹಿತೆಯು 100 ಕಿಲೋವಾಟ್ ಅಥವಾ ಅದಕ್ಕೆ ಮೇಲ್ಪಟ್ಟ ಸಂಪರ್ಕಭಾರದ ವಾಣಿಜ್ಯ ಕಟ್ಟಡಗಳಿಗಾಗಿ ಹೊರಟಿತು. ಅಲ್ಲಿಯೂ ಹವಾನಿಯಂತ್ರಣವಿಲ್ಲದ ಕಟ್ಟಡದ ಕಿಟಕಿಗೆ ತಕ್ಕಷ್ಟು ಸಜ್ಜದ ನೆರಳಿದ್ದರೆ ಗಾಜಿನ ವಿಷಯದಲ್ಲಿ ಸಡಿಲಿಕೆಯನ್ನಿತ್ತಿತು. ವಾಸದ ಮನೆಗಳಿಗಾಗಿ 2018ರಲ್ಲಿ ಬಂದ 'ಇಕೋ ನಿವಾಸ್ ಸಂಹಿತಾ' 500 ಚದರ ಮೀಟರಿಗೆ ಕಡಮೆಯಾದ ನಿವೇಶನವನ್ನು ಮುಟ್ಟಲಿಲ್ಲ. ನಮ್ಮವರ 30–40 ಅಡಿಯ ನಿವೇಶನವಾದರೋ ಸುಮಾರು 111 ಚದರ ಮೀಟರು ಮಾತ್ರ.

ಕಾನೂನು ಬಿಟ್ಟಿತೆಂದು ಬೇಸಗೆಯು ಬಿಡುವುದೇ? ತೊಟ್ಟಿಯ ಮನೆಗೆ ವಿನಾಯಿತಿಯು ಸಲ್ಲತಕ್ಕುದೇ. ಅಲ್ಲಿ ಬಿಸಿಗಾಳಿಯು ಮೇಲೇರಿ ತೊಟ್ಟಿಯಿಂದ ಹೊರಬೀಳುವುದು, ಹೆಂಚಿನ ಸಂದಿಯೂ ಉಸಿರಾಡುವುದು. ತಾರಸಿಯು ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಮಲಗಿದವರ ಮೇಲೆ ಇಳಿಸುವುದು. ಬಳಿಕ ತಂಪಿನ ಯಂತ್ರವನ್ನು ತಂದು ಇದ್ದ ಕಿಟಕಿಯನ್ನೂ ಮುಚ್ಚುವರು. (ಕಿಟಕಿಗೆ ಅಡ್ಡಲಾಗಿ ಬೀರುವನ್ನು ನಿಲ್ಲಿಸುವವರ ಮಾತನ್ನು ನಾವು ಆಡುವುದಿಲ್ಲ.)

ಆ 2018ರ ಸಂಹಿತೆಯ ಒಂದು ಲೆಕ್ಕವು ಸಣ್ಣ ಮನೆಯವರಿಗೂ ಉಪಯುಕ್ತವಾದುದು. ಬೆಂಗಳೂರಿನಂತಹ ಸಮಶೀತೋಷ್ಣ ಪ್ರದೇಶದಲ್ಲಿ ತೆರೆಯಬಲ್ಲ ಕಿಟಕಿಗಳ ವಿಸ್ತೀರ್ಣವು ನೆಲದ ಎಂಟನೆಯ ಒಂದು ಪಾಲಿಗೆ ಕಡಮೆಯಿರಕೂಡದೆಂದು ಅದು ವಿಧಿಸಿತು. ಒಳವಿಸ್ತೀರ್ಣ 800 ಚದರಡಿಯಾದರೆ ಕಿಟಕಿಗೆ 100 ಚದರಡಿ. ನೇರವಾಗಿ ಹೊರಕ್ಕೆ ತೆರೆಯುವ ಬಾಗಿಲೂ ಇದರಲ್ಲಿ ಸೇರುವುದು. ಜಾರುವ ಕಿಟಕಿಯು ಅರ್ಧವೇ ತೆರೆಯುವುದಾದುದರಿಂದ ಅದನ್ನು ಅರ್ಧವೆಂದೇ ಎಣಿಸಬೇಕು. ನಕ್ಷೆಗೆ ರುಜು ಹಾಕುವ ಮುನ್ನ ಈ ಅಂಕಿಯನ್ನು ಮೇಸ್ತ್ರಿಯ ಮುಂದಿಡಿರಿ.