ಕಿವಿ ನೋಡಿ ಹೆಸರು ಹೇಳೋರು

ನಮ್ಮ ಟೀಮಿನಲ್ಲಿ ಯಾವ ಕೋಡ್ ಯಾರದ್ದು ಅಂತ ತಿಳಿಯೋಕೆ ಹೆಸರು ಹುಡುಕಬೇಕಿಲ್ಲ. ಒಬ್ಬ ಎಲ್ಲ ವೇರಿಯೇಬಲ್ಲಿಗೂ ಟೆಂಪ್1, ಟೆಂಪ್2 ಅಂತಾನೆ, ಇನ್ನೊಬ್ಬಳು ಬ್ರಾಕೆಟ್ಟಿನ ಮುಂದೆ ಸ್ಪೇಸ್ ಬಿಡದೆ ಇರಲಾರಳು. ಗಮನ ಕೊಡದೆ ಬರೆದ ಕಡೆಯೇ ಕೈ ಗುರುತು ಸಿಗೋದು.

ಹತ್ತೊಂಬತ್ತನೇ ಶತಮಾನದಲ್ಲಿ ಇಟಲಿಯ ಜೊವಾನ್ನಿ ಮೊರೆಲ್ಲಿ ಚಿತ್ರಗಳನ್ನ ನೋಡಿದ್ದೂ ಹೀಗೇ. ಪುಣ್ಯಾತ್ಮ ಓದಿದ್ದು ವೈದ್ಯಕೀಯ! ಮುಖ, ಭಂಗಿ ಎಲ್ಲ ಶಿಷ್ಯರೂ ನಕಲು ಮಾಡ್ತಾರೆ, ನೀವು ಕಿವಿ ನೋಡಿ, ಉಗುರು ನೋಡಿ ಅಂದ. ಡ್ರೆಸ್ಡೆನ್ನಿನಲ್ಲಿ ಬರೀ ನಕಲು ಅಂತ ಬಿದ್ದಿದ್ದ 'ಮಲಗಿರುವ ವೀನಸ್' ಜೊರ್ಜೊನೆಯದು ಅಂತ ಗುರುತಿಸಿದ್ದು ಈತನೇ. ಆಮೇಲೆ ಆಕ್ಸ್‌ಫರ್ಡಿನ ಜಾನ್ ಬೀಝ್ಲಿ ಇದೇ ಕಣ್ಣನ್ನ ಅಥೆನ್ಸಿನ ಪುರಾತನ ಮಡಕೆಗಳ ಕಡೆ ತಿರುಗಿಸಿದ. ಸಹಿ ಹಾಕದ ಎಷ್ಟೋ ಚಿತ್ರಕಾರರನ್ನ ಬೇರ್ಪಡಿಸಿ ಹೆಸರಿಟ್ಟ: ಬರ್ಲಿನ್ ಚಿತ್ರಕಾರ, ಹಂದಿ ಚಿತ್ರಕಾರ, ಒಬ್ಬನಿಗಂತೂ 'ಮೊಣಕೈ ಹೊರಗೆ' :-)

ಇಲ್ಲಿವರೆಗೆ ನಾನು ಫ್ಯಾನ್. ತಕರಾರು ಇರೋದು ಮುಂದೆ. ಹೆಸರು ಸಿಕ್ಕ ಕೂಡಲೇ ಬೆಲೆ ಏರುತ್ತೆ. ಇಟಲಿಯ ಚಿತ್ರಗಳ ಮಹಾ ಪಂಡಿತ ಬರ್ನಾರ್ಡ್ ಬೆರೆನ್‌ಸನ್ 1912ರಲ್ಲಿ ವ್ಯಾಪಾರಿ ಡುವೀನ್ ಜೊತೆ ಗುಟ್ಟಾಗಿ ಲಾಭದ ಪಾಲಿಗೆ ಒಪ್ಪಂದ ಮಾಡ್ಕೊಂಡಿದ್ದ. ಹೇಳಿ, ಅಂಥವನ ಕಣ್ಣನ್ನ ಎಷ್ಟು ನಂಬೋದು?

ಮಡಕೆಗಳ ಕಥೆ ಇನ್ನೂ ಕೆಟ್ಟದು. ಅಥೆನ್ಸಿನ ಒಳ್ಳೊಳ್ಳೆ ಮಡಕೆಗಳು ಇಡಿಯಾಗಿ ಉಳಿದದ್ದು ಹೆಚ್ಚಾಗಿ ಇಟಲಿಯ ಎಟ್ರಸ್ಕನ್ ಜನರ ಸಮಾಧಿಗಳಲ್ಲಿ. 1972ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಅಂಥದೊಂದನ್ನ 10 ಲಕ್ಷ ಡಾಲರಿಗೆ ಕೊಂಡಿತು. ವೈನಿಗೆ ನೀರು ಬೆರೆಸೋ ದೊಡ್ಡ ಪಾತ್ರೆ, ಸುಮಾರು 45 ಲೀಟರ್ ಹಿಡಿಯುತ್ತೆ. ಸತ್ತ ಸಾರ್ಪಿಡಾನನನ್ನ ನಿದ್ರೆ ಮತ್ತು ಸಾವು ಎಂಬ ದೇವತೆಗಳು ಎತ್ತುತ್ತಿರೋ ಚಿತ್ರ. ಯಾರದ್ದು ಅಂತ ಕೇಳೋದೇ ಬೇಡ, ಯೂಫ್ರೋನಿಯೋಸ್ ಸಹಿ ಹಾಕಿದ್ದಾನೆ. ಎಲ್ಲಿತ್ತು ಅಂದ್ರೆ, ಬೈರೂತಿನ ವ್ಯಾಪಾರಿಯೊಬ್ಬನ ಹಳೇ ಸಂಗ್ರಹ ಅಂತ ಕಾಗದ ತೋರಿಸಿದರು. ನಿಜದಲ್ಲಿ 1971ರಲ್ಲಿ ರೋಮಿನ ಹತ್ತಿರದ ಚೆರ್ವೆತೆರಿಯಲ್ಲಿ ಕಳ್ಳರು ಅಗೆದದ್ದು. ಪಾತ್ರೆ 2008ರಲ್ಲಿ ಇಟಲಿಗೆ ವಾಪಸ್ ಬಂತು, ಈಗ ಚೆರ್ವೆತೆರಿಯ ಮ್ಯೂಸಿಯಂನಲ್ಲೇ ಇದೆ.

ಪಾತ್ರೆ ಬಂತು ಸರಿ. ಅದರ ಪಕ್ಕದಲ್ಲಿ ಏನೇನಿತ್ತು? ಮಲಗಿದ್ದದ್ದು ಗಂಡೋ ಹೆಣ್ಣೋ? ಅಥೆನ್ಸಿನಿಂದ ಅಷ್ಟು ದೂರ ತರಿಸಿದವರು ಅದರಲ್ಲಿ ವೈನ್ ಬೆರೆಸಿದ್ದರೋ, ಸಾವಿಗೆಂದೇ ಕೊಂಡಿದ್ದರೋ? ಇದಕ್ಕೆಲ್ಲ ಉತ್ತರ ಮಣ್ಣಿನ ಪದರದಲ್ಲಿತ್ತು. ಮೊರೆಲ್ಲಿ, ಬೀಝ್ಲಿ ಇಬ್ಬರೂ ಎದ್ದು ಬಂದರೂ ಇದನ್ನ ಪಾತ್ರೆ ನೋಡಿ ಹೇಳೋಕಾಗಲ್ಲ.

ಹಾಗಾಗಿ ಮೂಲ ಗೊತ್ತಿಲ್ಲದ ಮಡಕೆಗೆ ವಿದ್ವಾಂಸರು ಹೆಸರು ಹಚ್ಚಬಾರದು ಅನ್ನೋರ ಪಕ್ಷ ನಾನು. ಆಗ ಎಷ್ಟೋ ಸುಂದರ ವಸ್ತು ಅಧ್ಯಯನವೇ ಇಲ್ಲದೆ ಉಳಿಯುತ್ತೆ ಅಂತ ಎದುರು ವಾದ ಇದೆ. ಉಳಿಯಲಿ ಬಿಡಿ, ಎರಡೂವರೆ ಸಾವಿರ ವರ್ಷ ಕಾದಿಲ್ವಾ? ಇವತ್ತು ರಾತ್ರಿ ಗುದ್ದಲಿ ಹಿಡಿದು ಹೊರಟವನಿಗೆ ಒಬ್ಬ ಗಿರಾಕಿ ಕಮ್ಮಿ ಆದ್ರೂ ಸಾಕು.